ಗಂಟು

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರಲ್ಲ,
ಸುಳ್ಳು.
ನನ್ನ ಕಣ್ಣು ಅರಿಶಿನದ ಕೊಂಬಿನಂತಾಗಿದ್ದ ದಿನವೂ
ಹಾಲಮ್ಮನ ಸೀರೆ ನೀಲಿಯೇ ಇತ್ತು,
ಮಂಡಿಪೇಟೆ ಮೇಲಿನ ಆಕಾಶ ಎಂದಿನ ಧೂಳು ಬಣ್ಣ.
ಹಳದಿ ಕಂಡದ್ದು ಉಳಿದವರಿಗೆ, ನನ್ನಲ್ಲಿ.
ಸಿಟಿ ಬಸ್ಸಿನಲ್ಲಿ ಪಕ್ಕದವನು ಎದ್ದು ಹೋಗಿ ನಿಂತುಕೊಂಡ.

ಮೊದಲು ಸೊಪ್ಪಿನ ರಸ, ಮೂರು ಭಾನುವಾರ, ಮಜ್ಜಿಗೆಯಲ್ಲಿ.
ಆಮೇಲೆ ಮುಂಗೈಗೆ ಬರೆ.
ಆಮೇಲೆ ತುರಿಕೆ. ರಾತ್ರಿಯಿಡೀ
ಗೋಣಿಚೀಲ ಮಡಿಸಿ ಬೆನ್ನು ತಿಕ್ಕಿದಳು ಹಾಲಮ್ಮ,
ತೂಕಡಿಸುತ್ತ, ತಿಕ್ಕುತ್ತ, ತೂಕಡಿಸುತ್ತ.
ಮೂತ್ರ ಚಾ ಡಿಕಾಕ್ಷನ್ನು, ಮಲ ಸುಣ್ಣದ ಉಂಡೆ.
ಇದನ್ನೆಲ್ಲ ಪದ್ಯದಲ್ಲಿ ಹೇಳಬಾರದಂತೆ.
ಡಾಕ್ಟರು ಮೊದಲು ಕೇಳಿದ್ದೇ ಇದನ್ನ.

ಬೆಳಕಿನ ಹಲಗೆಗೆ ಪೆನ್ನು ತಾಗಿಸಿ ಆಕೆ
(ಫರ್ಹಾನಾ ಅಂತ, ನನ್ನ ಕಿರಿ ಮಗಳಿಗಿಂತ ಚಿಕ್ಕವರು)
'ಮೇದೋಜೀರಕದ ತಲೆಯಲ್ಲೊಂದು ಗಂಟು,
ಪಿತ್ತನಾಳದ ಕುತ್ತಿಗೆ ಹಿಸುಕ್ತಾ ಇದೆ' ಅಂದರು.

ಅರವತ್ತೆರಡು ವರ್ಷ ಹೊತ್ತು ತಿರುಗಿದ್ದೆ,
ಹೆಸರು ಕೇಳಿದ್ದು ಅವತ್ತೇ.
ಎದೆಗೆ ಹಾಡುಂಟು. ಕರುಳಿಗೆ ಕುಡಿಯುಂಟು, ಬಳ್ಳಿಯುಂಟು.
ಪಿತ್ತವಾದರೂ ನೆತ್ತಿಗೇರಿ ಎರಡು ಮಾತಾಡುತ್ತದೆ.
ಇದಕ್ಕೊಂದು ಗಾದೆಯಿಲ್ಲ, ಬೈಗುಳವೂ ಇಲ್ಲ.
ಜಠರದ ಹಿಂದೆ, ಬೆನ್ನುಮೂಳೆಗೆ ಒರಗಿ,
ಕೊನೇ ಬೆಂಚಿನ ಹುಡುಗನ ಹಾಗೆ ಕೂತು
ನಾನು ತಿಂದ ಬೆಣ್ಣೆಯನ್ನೆಲ್ಲ
ಲೆಕ್ಕ ಕೇಳದೆ ಅರಗಿಸಿಕೊಟ್ಟಿತ್ತು.

ಗಂಟು ನನಗೆ ಹೊಸದಲ್ಲ.
ಹತ್ತಿ ಮಿಲ್ಲಿನ ವೈಂಡಿಂಗ್ ಖಾತೆಯಲ್ಲಿ ಹತ್ತೊಂಬತ್ತು ವರ್ಷ
ಹರಿದ ನೂಲಿಗೆ ಗಂಟು ಹಾಕಿದ ಕೈ ಇದು.
ಸಣ್ಣಗಿರಬೇಕು, ಬಟ್ಟೆಯಲ್ಲಿ ಕಾಣಬಾರದು,
ಅಚ್ಚಿನ ಹಲ್ಲಿಗೆ ಸಿಕ್ಕಬಾರದು.
ದಪ್ಪ ಬಿತ್ತೋ, ನೂಲು ಅಲ್ಲೇ ನಿಂತು
ಹಿಂದಿನದೆಲ್ಲ ಸಿಕ್ಕು.
ಹಂಗೇ ಏನ್ರೀ ಇದೂ, ಅಂದೆ.
ಹಂಗೇ, ಅಂದರು.

ಮಿಲ್ಲು ಮುಚ್ಚಿದಾಗ ಕೊಟ್ಟ ಗಂಟು ಬೇರೆ ಇತ್ತು,
ಪೋಸ್ಟಾಫೀಸಿನಲ್ಲಿ. ಬಿಚ್ಚಿದೆವು.

ಏಳೂವರೆ ತಾಸು.
ಮೇದೋಜೀರಕದ ತಲೆ ಹೋಯಿತು, ಪಿತ್ತಕೋಶ ಹೋಯಿತು,
ಸಣ್ಣಕರುಳಿನ ಮೊದಲ ಗೇಣು, ನಾಳದ ತುಂಡು.
ಉಳಿದ ಮೂರು ತುದಿಗಳನ್ನು ಕರುಳಿಗೆ ತಂದು
ಕೂದಲಿಗಿಂತ ತೆಳು ನೂಲಿನಲ್ಲಿ ಹೊಲಿದರಂತೆ.
ಹೊರಗೆ ಹಾಲಮ್ಮನ ಸೆರಗಿನಲ್ಲಿ ಯಾರೋ ಸುರಿದ ಮಂಡಕ್ಕಿ.
ಒಂದು ಕಾಳೂ ಬಾಯಿಗೆ ಹೋಗಲಿಲ್ಲ,
ಒಂದೂ ಕೆಳಗೆ ಬೀಳಲಿಲ್ಲ.

ಐದನೇ ದಿನ ಟ್ಯೂಬಿನ ನೀರು ಪರೀಕ್ಷೆಗೆ.
ಆ ಹೊಲಿಗೆ ಸೋರಿದರೆ
ತನ್ನ ರಸ ತನ್ನ ಮೈಯನ್ನೇ ಅರಗಿಸುತ್ತದೆ.
ಸೋರಿತು, ಸ್ವಲ್ಪ.
ಹದಿನೇಳು ದಿನ ಚೀಲ ಹಿಡಿದು ಕಾರಿಡಾರಿನಲ್ಲಿ ನಡೆದೆ,
ಸಂತೆಗೆ ಹೊರಟವನ ಹಾಗೆ.

ಪಕ್ಕದ ಮಂಚದ ಖಾಜಾಸಾಬ್, ಮಂಡಕ್ಕಿ ಭಟ್ಟಿಯವನು,
ಅವನ ಗಂಟು ತೆಗೆಯುವ ಹಂತ ದಾಟಿತ್ತು.
ನಾಳದೊಳಗೆ ಜಾಲರಿ ಕೊಳವೆ ಇಟ್ಟು ಕಳಿಸಿದರು.
ಹೋಗುವಾಗ ಕನ್ನಡಿ ಕೇಳಿ ಇಸಕೊಂಡು
'ಹಳದಿ ಇಳಿದೈತೆ ನೋಡು ಗುತ್ಯಪ್ಪ,
ಹೆಣ್ಣು ನೋಡಕ್ಕೆ ಹೋಗಬೋದು' ಅಂದ.
ಅವನ ಹೆಂಡತಿಯೂ ನಕ್ಕಳು. ಆಮೇಲೆ ಬಕೀಟು ತರಲು ಹೋದಳು.

ಒಂದು ಬೆಳಿಗ್ಗೆ, ಚೀಲದ ದಾರ ನಾನು ಕಟ್ಟಿಕೊಳ್ಳುವಾಗ
ಫರ್ಹಾನಾ ಡಾಕ್ಟ್ರು ನಿಂತುಬಿಟ್ಟರು.
'ಒಂದೇ ಕೈಲಿ? ಇನ್ನೊಂದು ಸಲ ಹಾಕಿ.'
ಹಾಕಿದೆ. ಹಾಸಿಗೆ ಚಾದರದ ನೂಲೊಂದು ಎಳೆದು ತಾವೂ ಹಾಕಿದರು.
ಬಿಚ್ಚಿತು. ಮತ್ತೆ ಹಾಕಿದರು.
ಇನ್ನೂ ಸಣ್ಣ, ಅಂದೆ.
ನನ್ನ ಹೊಟ್ಟೆಯೊಳಗೆ ಕೈಯಿಟ್ಟವರಿಗೆ!

ಅಂಚಿನಲ್ಲಿ ಏನೂ ಉಳಿದಿಲ್ಲವಂತೆ, ವರದಿ.
ಒಂದು ದುಗ್ಧಗ್ರಂಥಿಯಲ್ಲಿ ಮಾತ್ರ ಇತ್ತಂತೆ.
ಆ 'ಮಾತ್ರ'ಕ್ಕೆ ಆರು ತಿಂಗಳ ಇಂಜೆಕ್ಷನ್ನು.
ಈಗ ತುತ್ತಿನ ಜೊತೆಗೊಂದು ಕ್ಯಾಪ್ಸೂಲು,
ಬೆಣ್ಣೆ ದೋಸೆ ಹೋಟ್ಲಲ್ಲಿ ಖಾಲಿ ದೋಸೆ.

ತಲೆದಿಂಬಿನ ಕವರಿನ ಹಳದಿ ಹೋಗಿಲ್ಲ.
ಮೂರು ಸಲ ಕುದಿಸಿ, ಒಗೆದು,
ಹಾಲಮ್ಮ ಬಿಸಿಲಿಗೆ ಎತ್ತಿ ಹಿಡಿದು ನೋಡಿ
'ಇರಲಿ ಬಿಡು,' ಅಂದಳು,
'ಬಣ್ಣ ಗಟ್ಟಿ.'