ಕಂಬಿ ಹಿಡಿಯದವನು

ಮೂವತ್ತೊಂದು ವರ್ಷ
ಶಿವಮೊಗ್ಗ–ಉಡುಪಿ ಮಿನಿ ಬಸ್ಸಿನಲ್ಲಿ
ತಗಡಿಗೆ ತಲೆ ತಾಗದ ಹಾಗೆ ಕತ್ತು ಬಾಗಿಸಿ
ಕಂಬಿ ಹಿಡಿಯದೆ ನಿಂತವನು ನಾನು, ಕೆರಿಯಪ್ಪ.
ಒಂದು ಕೈಯಲ್ಲಿ ಟಿಕೆಟ್ಟಿನ ಕಟ್ಟು,
ಇನ್ನೊಂದರ ಬೆರಳ ಸಂದಿಯಲ್ಲಿ
ಉದ್ದುದ್ದ ಮಡಿಸಿದ ಹತ್ತು, ಇಪ್ಪತ್ತು, ಐವತ್ತು.
ಆಗುಂಬೆಯ ಹದಿನಾಲ್ಕೂ ತಿರುವಿಗೆ
ಸೊಂಟ ಮಾತ್ರ ಬಳುಕುತ್ತಿತ್ತು,
ಪಾದ ಕದಲಿದ್ದು ಯಾರೂ ಕಂಡಿಲ್ಲ.

ಅಂಥವನು ಹೋದ ಶ್ರಾವಣದಲ್ಲಿ
ತುಂಗಾನಗರದ ಬಾಡಿಗೆ ಮನೆಯ ಬಚ್ಚಲಲ್ಲಿ
ಅಲ್ಲಾಡದ ನೆಲದ ಮೇಲೆ
ಪಂಚೆ ಉಡುತ್ತಾ ಬಿದ್ದೆ.

ಫಿಸಿಯೋಥೆರಪಿ ಹುಡುಗಿ ನಿಖತ್
ನನ್ನದೇ ಫೋನು ಇಸಿದುಕೊಂಡು ಏನೋ ಹಾಕಿದಳು:
‘ಸೊಂಟಕ್ಕೆ ಕಟ್ಟಿಕೊಳ್ಳಿ ತಾತ,
ನೀವೆಷ್ಟು ತೂಗಾಡ್ತೀರಿ, ಇದೇ ಅಳೆಯುತ್ತೆ.’
ಯಾವುದರಲ್ಲಿ ಕಟ್ಟುವುದು?
ಜಲಜಾಕ್ಷಿ ಅಟ್ಟದಿಂದ ನನ್ನ ಚರ್ಮದ ಚೀಲ ಇಳಿಸಿದಳು.
ತಳದಲ್ಲಿ ಇನ್ನೂ ಒಂದು ನಾಲ್ಕಾಣೆ,
ತೀರ್ಥಹಳ್ಳಿಯ ಅರ್ಧ ಟಿಕೆಟ್ಟು.
ಪಟ್ಟಿ ಗಿಡ್ಡ ಮಾಡಿ ಬಿಗಿದೆ.
ಚಿಲ್ಲರೆ ಗಲಗಲ ಅನ್ನುತ್ತಿದ್ದ ಕಡೆ
ಫೋನು ಸದ್ದಿಲ್ಲದೆ ಕೂತಿತು.

ಬೆಳಿಗ್ಗೆ ಆರೂಮುಕ್ಕಾಲು.
ಗೋಡೆಗೆ ಒರಗಿಸಿದ ನೀಲಿ ಪ್ಲಾಸ್ಟಿಕ್ ಕುರ್ಚಿ.
ಚೀಲದೊಳಗಿಂದ ಹೆಣ್ಣುದನಿ:
ಕುರ್ಚಿ ಹಿಡಿದುಕೊಳ್ಳಿ. ಒಂದು ಕಾಲು ಎತ್ತಿ.
ಈಗ ಕೈ ಬಿಡಿ.
ಟುಂಯ್.
ಆರು ಸೆಕೆಂಡು!
ಮೊದಲ ತಿರುವೂ ದಾಟಲಿಲ್ಲ ಇದು.
‘ಮಿಷನ್ನು ಸರಿ ಇಲ್ಲ’ ಅಂದೆ.
ಜಲಜಾಕ್ಷಿ ಒಲೆ ಸಣ್ಣ ಮಾಡಿ ಬಂದು
ಚೀಲ ತಾನೇ ಕಟ್ಟಿಕೊಂಡು
ನೆರಿಗೆ ಎತ್ತಿ ಒಂಟಿಗಾಲಲ್ಲಿ ನಿಂತಳು.
ಇಪ್ಪತ್ತೆರಡು.
‘ಮಿಷನ್ನು ಸರೀಗೇ ಇದೆ’ ಅಂದು
ಒಗ್ಗರಣೆಗೆ ಹೋದಳು.

ಆಮೇಲೆ ದಿನಾ ಅದೇ ಟ್ರಿಪ್ಪು.
ಹೆಬ್ಬೆರಳಿಗೆ ಹಿಮ್ಮಡಿ ತಾಗಿಸಿ
ಟೈಲ್ಸಿನ ಗೆರೆ ಹಿಡಿದು ಬಾಗಿಲ ತನಕ, ವಾಪಸ್ಸು.
ಕೈ ಊರದೆ ಕೂತು ಏಳುವುದು, ಹತ್ತು ಸಲ.
ಎದುರು ಮನೆಯ ಫಿಲೋಮಿನಾ ಟೀಚರು
ಕಿಟಕಿಯಿಂದಲೇ ಎಣಿಸಿ, ಎಂಟಕ್ಕೇ ನಿಲ್ಲಿಸಿದರೆ
ಕಳ್ಳ ಕಳ್ಳ ಅನ್ನುವುದು.
ಎಂಟು ಸೆಕೆಂಡು. ಒಂಬತ್ತು.
ಜ್ವರ ಬಂದ ವಾರ ಮತ್ತೆ ಐದು.
ಹನ್ನೊಂದು.

ಒಂದು ದಿನ ಅಂದಿತು:
ಎರಡೂ ಪಾದ ನೆಲದ ಮೇಲಿರಲಿ.
ಈಗ ಕಣ್ಣು ಮುಚ್ಚಿ.

ಮುಚ್ಚಿದೆ.
ಕತ್ತಲಲ್ಲಿ ಮೇಗರವಳ್ಳಿ ಸ್ಟಾಪು ಬಂತು.
ಒಬ್ಬಳು ಅಜ್ಜಿ, ಕಂಕುಳಲ್ಲಿ ಕಳಲೆಯ ಗಂಟು,
ಒಂದು ಕಾಲು ಮೆಟ್ಟಿಲ ಮೇಲೆ
ಇನ್ನೊಂದು ಇನ್ನೂ ರಸ್ತೆಯಲ್ಲಿ,
ಕೈ ಗಾಳಿಯಲ್ಲಿ ಕಂಬಿ ಹುಡುಕುತ್ತಿತ್ತು.
ನಾನು ಸೀಟಿ ಊದಿದೆ. ರೈಟ್.
ಬಿದ್ದಳು. ದೊಡ್ಡ ಪೆಟ್ಟೇನಲ್ಲ, ಮಂಡಿ ತರಚಿತ್ತು.
ಕಳಲೆ ಸೀಟಿನಡಿ ಚೆಲ್ಲಾಡಿತು.
‘ಹಿಡ್ಕಳಕ್ಕೆ ಬರಲ್ವೇನಜ್ಜೀ’ ಅಂದೆ.
ಬಸ್ಸಿಗೆ ಬಸ್ಸೇ ನಕ್ಕಿತು.
ಅವಳೂ ನಕ್ಕಳು,
ಸೀರೆ ಎಳೆದು ಮಂಡಿ ಮುಚ್ಚಿಕೊಳ್ಳುತ್ತಾ.

ತೂಗಾಟ ಹೆಚ್ಚಾಗಿದೆ, ಅಂದಿತು ಚೀಲ.
ಕುರ್ಚಿ ಹಿಡಿದುಕೊಳ್ಳಿ.
ಆತುರವಿಲ್ಲ. ಸಿದ್ಧವಾದಾಗ ಶುರು ಮಾಡೋಣ.

ಆತುರವಿಲ್ಲ!
ಹಿಂದೆ ಪೈಪೋಟಿಯ ಗಾಡಿ, ಮುಂದೆ ಓನರಿನ ಗಡಿಯಾರ,
ಮೂವತ್ತೊಂದು ವರ್ಷದಲ್ಲಿ ಈ ಮಾತು
ನನ್ನ ಬಾಯಿಂದ ಒಬ್ಬರಿಗೂ ಬಿದ್ದದ್ದಿಲ್ಲ.
ಈಗ ಹೇಳುತ್ತಿರುವುದೋ,
ಮುಖವಿಲ್ಲದ್ದು, ಮಂಡಿಯಿಲ್ಲದ್ದು,
ಯಾವ ಘಾಟಿಯನ್ನೂ ಹತ್ತದ್ದು.

ಕುರ್ಚಿಯ ಬೆನ್ನು ಹಿಡಿದೆ. ಅಂಗೈ ಬೆವೆತಿತ್ತು.
ಮತ್ತೆ ಕಣ್ಣು ಮುಚ್ಚಿದೆ.
ಅಜ್ಜಿ ಇನ್ನೂ ಮೆಟ್ಟಿಲ ಮೇಲೆಯೇ ಇದ್ದಾಳೆ.
ಆ ಇನ್ನೊಂದು ಕಾಲನ್ನೂ ಎತ್ತಿಕೊಳ್ಳಲಿ.
ಗಂಟು ಬಾನೆಟ್ಟಿನ ಪಕ್ಕ ಇಟ್ಟುಕೊಳ್ಳಲಿ.
ಕಂಬಿ ಸಿಗಲಿ, ಸೀಟು ಸಿಗಲಿ,
ಹಿಂದಿನ ಗಾಡಿಯವನು ಹಾರನ್ನು ಹೊಡೆದರೆ ಹೊಡೆಯಲಿ.

ಅಡುಗೆಮನೆಯಲ್ಲಿ ಕುಕ್ಕರು ಸೀಟಿ ಹಾಕಿತು.
ನಾನಲ್ಲ ಊದಿದ್ದು.
ನಾನಿನ್ನೂ ರೈಟ್ ಅಂದಿಲ್ಲ.