ಬಾಲ ಹಿಡಿಯುವವಳು

ನನ್ನ ಕೆಲಸ ಬಾಲ ಹಿಡಿಯುವುದು.
ಹುಲ್ಲಲ್ಲಿ ಮಂಡಿಯೂರಿ, ರೆಕ್ಕೆಯ ಹಿಂದೆ ಕೂತು,
ಅಣ್ಣ ಪಂಕ ತಿರುವಿ ಎಂಜಿನ್ ಎಬ್ಬಿಸುವಾಗ
ಕೆಚ್ಚಲಿಗೆ ಹಾರುವ ಕರುವನ್ನು ತಡೆದಂತೆ
ವಿಮಾನವನ್ನು ತಡೆಯುವುದು.
ಸೆಂತೆಶ್ ಊರಾಚೆ, ತಿಸಾ ನದಿಯ ಒಡ್ಡಿನ ಕೆಳಗೆ,
ಕೊಯ್ದ ಮುಸುಕಿನ ಜೋಳದ ಹೊಲದಂಚಿಗೆ,
ಭಾನುವಾರ ಭಾನುವಾರ.

ಅಣ್ಣನ ಹೆಸರು ಸಿಲಾರ್ದ್.
ನಮ್ಮ ಹಂಗೇರಿಯ ಮಾತಲ್ಲಿ ಹಾಗೆಂದರೆ ಗಟ್ಟಿ, ಅಲುಗದ್ದು.
ಅಪ್ಪ ಯಾವ ಗಳಿಗೆಯಲ್ಲಿ ಇಟ್ಟನೋ,
ಬಾಳೆಲ್ಲ ಕಬ್ಬಿಣದ ಗೇಟು ಬೆಸೆದ.
ನಲ್ಲಿ, ಚಿಲಕ, ಸೌತೆಕಾಯಿ ಜಾಡಿಯ ಮುಚ್ಚಳ,
ಅವನು ಬಿಗಿದದ್ದನ್ನು ಬಿಚ್ಚಲು ಅವನೇ ಬರಬೇಕು.

ಎಂಜಿನ್ನನ್ನೂ ಹಾಗೇ ಬಿಗಿದಿದ್ದ,
ಪ್ಲೈವುಡ್ ಗೋಡೆಗೆ ಅವಚಿ, ನಾಲ್ಕು ಬೋಲ್ಟು, ಮೇಲೆ ಅಂಟು.
ಪೆಟ್ರೋಲ್ ಕುಡಿಯುವ ಒಂಟಿ ಸಿಲಿಂಡರು,
ಮುಷ್ಟಿಯಷ್ಟು ಗಾತ್ರ, ಮೈತುಂಬ ಸಿಟ್ಟು.
ಅದು ಗುದ್ದಿದ್ದೆಲ್ಲ ಮರಕ್ಕೆ, ಮರದಿಂದ ಬಾಲಕ್ಕೆ,
ಬಾಲದಿಂದ ನನ್ನ ಮೊಣಕೈಗೆ.
ಟ್ಯಾಂಕಿನಲ್ಲಿ ಪೆಟ್ರೋಲು ಬಿಯರಿನಂತೆ ನೊರೆಯೆದ್ದಿತು.
ತಂತಿಯ ಬೆಸುಗೆ ಬಿರಿಯಿತು. ಒಂದು ಚಕ್ರ
ಆಕಾಶದಲ್ಲೇ ಕಳಚಿ ಯಾರದೋ ಟೊಮೇಟೊ ಸಾಲಿಗೆ ಬಿತ್ತು.
ಮನೆಗೆ ಬಂದು ಸೂಪು ಕುಡಿಯುವಾಗ
ನನ್ನ ಚಮಚ ಬಟ್ಟಲಿಗೆ ಟಿಕಟಿಕ ಬಡಿಯುತ್ತಿತ್ತು,
ಕೈಯ ಜೋಮು ರಾತ್ರಿಯಾದರೂ ಇಳಿಯಲಿಲ್ಲ.

ಅವನು ಇನ್ನೂ ಎರಡು ಬೋಲ್ಟು ಹಾಕಿದ.

ಇಪ್ಪತ್ತಾರು ವರ್ಷ ಬಸ್ಸು ಓಡಿಸಿದವಳು ನಾನು.
ಡಿಪೋದ ಮುದಿ ಮೆಕ್ಯಾನಿಕ್ ದೆಜೋ ಅನ್ನುತ್ತಿದ್ದ:
“ನಡುಕವನ್ನ ಕೊಲ್ಲೋಕಾಗಲ್ಲ ತಾಯಿ,
ಯಾರು ನಡುಗಬೇಕು ಅನ್ನೋದಷ್ಟೇ ನಮ್ಮ ಕೈಲಿರೋದು.
ಎಂಜಿನ್ ನಡುಗಲಿ, ಜನ ನಿದ್ದೆ ಮಾಡಲಿ.”
ಅಣ್ಣನಿಗೆ ಇದನ್ನು ಹೇಳಿದೆ. ಕಿವಿ ಕೆರೆದುಕೊಂಡ.
ಅಲ್ಲಾಡುವುದನ್ನು ಕಟ್ಟಿಕೊಟ್ಟು
ತನಗೆ ಅಭ್ಯಾಸವಿಲ್ಲ ಎಂದ.

ನವೆಂಬರಿನ ಮಂಜು ಬಯಲಿಗೆ ಕವಿದು ಹಾರಾಟ ನಿಂತಾಗ
ಷೆಡ್ಡಿನಲ್ಲಿ ಒಲೆ ಹಚ್ಚಿ, ಹೇಳದೆ ಕೇಳದೆ ಶುರುಮಾಡಿದ.
ಮೊದಲು ಅಮ್ಮನ ಕಾಲದ ಜಾಮ್ ಬಾಟಲಿಯ ರಬ್ಬರ್ ಉಂಗುರ.
ಪೆಟ್ರೋಲ್ ತಾಗಿ ದನದ ನಾಲಿಗೆಯಂತೆ ಊದಿದವು.
ಆಮೇಲೆ ಸ್ಪಂಜು. ಎಂಜಿನ್ ತೂಗಾಡಿ
ಮೂತಿಯ ಕವಚವನ್ನು ಪಂಕವೇ ಕಡಿದು ತಿಂದಿತು.
ಕೊನೆಗೆ ನಾನೇ ಡಿಪೋಗೆ ಹೋಗಿ ತಂದೆ
ಗೇಣುದ್ದ ಡೀಸೆಲ್ ಪೈಪು, ಎಣ್ಣೆಗೆ ಹೆದರದ ಕಪ್ಪು ರಬ್ಬರು.
ಸಾಸೇಜು ಕುಯ್ದಂತೆ ಎಂಟು ಬಿಲ್ಲೆ ಕುಯ್ದ.
ಒಂದು ಅಲ್ಯೂಮಿನಿಯಂ ತಟ್ಟೆ ಎಂಜಿನ್ನಿಗೆ,
ಇನ್ನೊಂದು ಗೋಡೆಗೆ, ಮಧ್ಯೆ ಬಿಲ್ಲೆಗಳು.
ಲೋಹಕ್ಕೆ ಲೋಹ ಎಲ್ಲೂ ತಾಗಬಾರದು,
ಬೋಲ್ಟಿಗೂ ರಬ್ಬರಿನ ಅಂಗಿ.

ಎಷ್ಟು ತಿರುವಬೇಕು? ಅದೇ ಕಷ್ಟ.
ರಬ್ಬರು ಉಬ್ಬಲು ಮನಸ್ಸು ಮಾಡಿದೊಡನೆ ನಿಲ್ಲಿಸಬೇಕು.
ಅವನ ಮಣಿಕಟ್ಟಿಗೆ ನಿಲ್ಲುವುದು ಗೊತ್ತಿಲ್ಲ.
ಸ್ಪ್ಯಾನರ್ ಕಸಿದುಕೊಂಡೆ.

ಏಪ್ರಿಲ್. ಒಡ್ಡಿನ ಮೇಲೆ ಕೊಕ್ಕರೆ.
ಎಂಜಿನ್ ಹೊತ್ತಿತು. ನಿಧಾನಗತಿಯಲ್ಲಿ
ಕೆರೆಯಿಂದೆದ್ದ ನಾಯಿಯ ಹಾಗೆ ಕೊಡವಿಕೊಂಡಿತು.
“ನೋಡಿದ್ಯಾ!” ಅಣ್ಣ ಸಿಡುಕಿದ.
“ಏರಿಸು” ಅಂದೆ.
ಏರಿಸಿದ. ಒಂದು ಗಳಿಗೆ ಇನ್ನೂ ಕೆಟ್ಟಿತು, ಹಲ್ಲು ಕಡಿದೆ,
ಆಮೇಲೆ ತಟ್ಟನೆ
ಸದ್ದಿದೆ, ಗಾಳಿಯಿದೆ, ಹುಲ್ಲು ಹಿಂದಕ್ಕೆ ಮಲಗಿದೆ,
ನನ್ನ ಕೈಯಲ್ಲಿ ಏನೂ ಇಲ್ಲ.
ಮೂತಿಯೊಳಗೆ ಎಂಜಿನ್ ಮಸುಕಾಗಿ
ತನ್ನ ಪಾಡಿಗೆ ನಡುಗುತ್ತಿದೆ,
ಬಾಲ ಮಾತ್ರ ಬಿಸಿಲಿಗೆ ಮಲಗಿದ ಬೆಕ್ಕಿನ ಬೆನ್ನು.
ಬಿಡುವುದನ್ನೇ ಮರೆತೆ.
ಅಣ್ಣ ಎರಡು ಸಲ ಕೂಗಬೇಕಾಯಿತು.

ಇಳಿದ ಮೇಲೆ ಸ್ಕ್ರೂ ಎಣಿಸಿದ. ಎಲ್ಲವೂ ಇದ್ದವು.
ಮತ್ತೆ ಎಣಿಸಿದ, ಬೆರಳಿಂದ ಒಂದೊಂದನ್ನೇ ಅಲುಗಿಸಿ.
ಆಮೇಲೆ, ಹೆಸರು ಸುಮ್ಮನಿರಬೇಕಲ್ಲ,
ಬಿಗಿಯಲೆಂದು ಜೇಬಿಗೆ ಕೈಹಾಕಿ ಸ್ಪ್ಯಾನರ್ ತಡಕಿದ.

ಅದು ನನ್ನ ಜೇಬಿನಲ್ಲಿತ್ತು.