ಮೂರನೆಯ ಹೆಸರು

ಗಂಜಾಂ ಚರ್ಚಿನ ಹಿತ್ತಾಳೆ ಫಲಕ
ಮದಲೇನಮ್ಮನ ಪಾಲಿನ ಕೆಲಸ.
ಸತ್ತವರ ಹಬ್ಬದ ಮುನ್ನಾದಿನ
ನೆನೆಸಿದ ಹುಣಸೆ, ಚಿಟಿಕೆ ಬೂದಿ,
ಹಳೇ ಲಂಗದ ತುಂಡು.

ಓದು ಬಾರದು. ಮೇಲಿಂದ ಮೂರನೆಯದು ಅಪ್ಪ
ಎಂದು ಹಿಂದೆಂದೋ ಇದ್ದ ಸ್ವಾಮಿಗಳು
ಬೆರಳು ಹಿಡಿದು ತೋರಿಸಿದ್ದರು.

ಚೌರಪ್ಪ. ಬಂದೂಕು ಮುಟ್ಟಿದವನಲ್ಲ;
ಬರ್ಮಾದ ಕೆಸರಲ್ಲಿ ಹೇಸರಗತ್ತೆಗಳಿಗೆ
ಹುಲ್ಲು ಹಾಕಿದವನು.
ತಿರುಗಿ ಬಂದ. ಆಮೇಲೆ ಮುದ್ದೆ ಮುರಿದರೆ
ಮೊದಲ ತುತ್ತು ತಟ್ಟೆಯಾಚೆಗೆ.
ಯಾರಿಗೆಂದು ಹೇಳಲಿಲ್ಲ.

ಉಳಿದ ಹೆಸರಿಗೆ ಒಂದೊಂದು ಸಲ,
ಮೂರನೆಯದಕ್ಕೆ ಕೈ ಸೋಲುವವರೆಗೆ.

ಈ ವರ್ಷ ಹೊಸ ಸ್ವಾಮಿಗಳು ಕನ್ನಡಕ ಏರಿಸಿ ಓದಿದರು:
ಇನ್ನಾಸಪ್ಪ, ರಾಯಪ್ಪ...
ತಡೆದು, ಬೆಳಕಿಗೆ ವಾರೆಯಾಗಿ ಬಗ್ಗಿ,
"ಇಲ್ಲೊಂದು ಸವೆದುಹೋಗಿದೆಯಲ್ಲ, ಯಾರಮ್ಮ?"

ಹುಳಿಗೆ ಬಿಳಿಚಿದ ಬೆರಳು
ಆ ನುಣುಪಿನ ಮೇಲೆ ಒಂದು ಗಳಿಗೆ.
"ನಮ್ಮಪ್ಪ ಸಾಮಿ" ಎಂದು
ಮತ್ತೆ ಬಟ್ಟೆ ಅದ್ದಿದಳು.